ಚಿಲಕ ಹಾಕಿಸಿದ ಚುನಾವಣೆ

‘ಅದೆಲ್ಲಾ ಇರ್ಲಿ. ಲೇಡೀಸ್ ರೂಮಿನ ಬಾಗಿಲಿಗೆ ಚಿಲಕ ಇಲ್ಲ. ಗೊತ್ತಾ ನಿಮಗೆ?’

ಮೂರನೇ ಬೆಂಚಿನಿಂದ ಎದ್ದು ನಿಂತ ಹುಡುಗಿ ಕೇಳಿದ ಪ್ರಶ್ನೆ ಇದು. 1986ರ ಆಗಸ್ಟ್ ತಿಂಗಳು. ಕಂಟೋನ್ಮೆಂಟ್ ಕಡೆಯ ಒಂದು ಕಾಲೇಜಿನಲ್ಲಿ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದೆ. ಬಿ.ಎಸ್ಸಿ. ತರಗತಿಯ ಕಪ್ಪುಹಲಗೆಯ ಮುಂದೆ, ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದ ಭಾಷಣವನ್ನು ಆಗತಾನೇ ಒಪ್ಪಿಸಿದ್ದೆ. ಲೈಬ್ರರಿಗೆ ಹೊಸ ಪುಸ್ತಕ, ಕ್ರಿಕೆಟ್ ಕಿಟ್, ಕ್ಯಾಂಟೀನಿನಲ್ಲಿ ಬೆಲೆ ಇಳಿಕೆ, ಕಾಲೇಜು ಡೇಗೆ ಆರ್ಕೆಸ್ಟ್ರಾ. ಚಪ್ಪಾಳೆಯೂ ಬಿದ್ದಿತ್ತು. ಆಮೇಲೆ ಬಂತು ಚಿಲಕದ ಮಾತು.

ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಅದೇ ಕಟ್ಟಡದಲ್ಲಿ ಓಡಾಡಿದ್ದೆ, ಕಾರಿಡಾರಿನ ಕೊನೆಯ ಆ ಬಾಗಿಲನ್ನು ದಿನಾ ದಾಟಿ ಹೋಗಿದ್ದೆ. ಒಬ್ಬಳು ಹೊರಗೆ ನಿಂತು ಬಾಗಿಲು ಎಳೆದು ಹಿಡಿದರೆ ಮಾತ್ರ ಇನ್ನೊಬ್ಬಳು ಒಳಗೆ ಹೋಗಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ಮನೆ ಸೇರುವತನಕ ತಡೆದುಕೊಳ್ಳಬೇಕು. ತಾನು ಸೇರಿದಾಗಿನಿಂದ ಹೀಗೇ ಇದೆ ಎಂದು ಆಕೆ ಎಲ್ಲರೆದುರು ಹೇಳಿದಳು. ಹುಡುಗರ ಬೆಂಚುಗಳಲ್ಲಿ ಯಾರೂ ತಲೆ ಎತ್ತಲಿಲ್ಲ. ‘ಗೊತ್ತಿರಲಿಲ್ಲ, ತಪ್ಪಾಯ್ತು’ ಎಂದೆ. ಕೈಯಲ್ಲಿದ್ದ ಭಾಷಣದ ಹಾಳೆಯನ್ನು ಅವತ್ತೇ ಹರಿದು ಹಾಕಿದೆ.

ಆ ಪ್ರಚಾರ ನಡೆದದ್ದು ಬರೀ ಹನ್ನೊಂದು ದಿನ. ಅದಕ್ಕೆ ನಲವತ್ತು ವರ್ಷ ತುಂಬುತ್ತಾ ಬಂತು. ಮೂರು ವರ್ಷದ ಡಿಗ್ರಿಯಲ್ಲಿ ಓದಿದ ಎಷ್ಟೋ ಪಾಠಗಳು ಮರೆತುಹೋಗಿವೆ, ಆ ಹನ್ನೊಂದು ದಿನ ಮರೆತಿಲ್ಲ. ಬೇರೆಯವರ ಮುಂದೆ ಹೋಗಿ ನಿಂತು, ‘ನನ್ನನ್ನು ನಂಬಿ’ ಎಂದು ಕೇಳುವುದು, ಆ ಮಾತಿಗೆ ಅವರು ಕೊಡುವ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವುದು ಒಂದು ವಿದ್ಯೆ. ಅದನ್ನು ಕಲಿಯುವ ಜಾಗ ಕಾಲೇಜು. ಕರ್ನಾಟಕದಲ್ಲಿ 1989-90ರ ಹೊತ್ತಿಗೆ, ವೀರೇಂದ್ರ ಪಾಟೀಲರ ಸರ್ಕಾರವಿದ್ದ ಕಾಲಕ್ಕೆ, ಕ್ಯಾಂಪಸ್ ಹಿಂಸೆಯ ಕಾರಣ ಕೊಟ್ಟು ಆ ಜಾಗವನ್ನು ಮುಚ್ಚಿದರು. ಅಂದಿನಿಂದ ಇಂದಿನವರೆಗೆ ಓದಿ ಹೊರಬಿದ್ದ ತಲೆಮಾರುಗಳಿಗೆ ಕಾಲೇಜು ಚುನಾವಣೆಯೆಂದರೆ ಸಿನಿಮಾದಲ್ಲಿ ನೋಡಿದ್ದು ಅಷ್ಟೇ.

ನನಗೆ ಪ್ರಚಾರ ಹೇಳಿಕೊಟ್ಟವರು ಅಪ್ಪ. ನಮ್ಮ ಮನೆ ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿತ್ತು. ಅಪ್ಪ ದೂರವಾಣಿನಗರದ ಐ.ಟಿ.ಐ.ನಲ್ಲಿ ಕೆಲಸಗಾರ. ಹಲಸೂರಿನಿಂದ ಹಳೇ ಮದರಾಸು ರಸ್ತೆ ಹಿಡಿದರೆ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್., ಟಿನ್ ಫ್ಯಾಕ್ಟರಿ, ಆಮೇಲೆ ಐ.ಟಿ.ಐ. ಬೆಂಗಳೂರಿನ ಈ ಪೂರ್ವದ ಬದಿ ಬೆಳಗಿನ ಸೈರನ್ನಿಗೆ ಏಳುತ್ತಿತ್ತು. ಕಾರ್ಖಾನೆಯಲ್ಲಿ ಯೂನಿಯನ್ ಚುನಾವಣೆ ಬಂತೆಂದರೆ ನಮ್ಮ ಗಲ್ಲಿಯ ಮನೆಗಳಲ್ಲಿ ಊಟದ ಹೊತ್ತಿಗೆ ಅದೇ ಮಾತು. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಐ.ಟಿ.ಐ., ಎಚ್.ಎ.ಎಲ್., ಎಚ್.ಎಂ.ಟಿ., ಬಿ.ಇ.ಎಲ್., ಬೆಮೆಲ್ ಕಾರ್ಮಿಕರು 77 ದಿನ ಮುಷ್ಕರ ಹೂಡಿದಾಗ ನಾನು ಹೈಸ್ಕೂಲು ಹುಡುಗ. ಅಂಗಡಿಯಲ್ಲಿ ಸಾಲ ಬರೆಸಿ ಅಕ್ಕಿ ತಂದ ದಿನಗಳು ಅವು. ಅಷ್ಟು ದಿನ ಅಷ್ಟು ಜನ ಒಟ್ಟಿಗೆ ನಿಂತದ್ದು ಹೇಗೆಂದು ಅಪ್ಪನನ್ನು ಕೇಳಿದ್ದೆ. ‘ನಾವು ಆರಿಸಿದವರು ಕರೆದರು, ಹೋದೆವು’ ಎಂದಿದ್ದರು.

ನಾನು ಚುನಾವಣೆಗೆ ನಿಲ್ಲುತ್ತೇನೆಂದಾಗ ಅಮ್ಮ ಬೇಡವೆಂದರು, ಹೊಡೆದಾಟಕ್ಕೆ ಹೆದರಿ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೇಟ್ ಮೀಟಿಂಗಲ್ಲಿ ಮೈಕ್ ಹಿಡಿಯೋನು ಗೆಲ್ಲಲ್ಲ ಕಣೋ. ಶಿಫ್ಟ್ ಬಿಡೋ ಹೊತ್ತಲ್ಲಿ ಸೈಕಲ್ ಸ್ಟ್ಯಾಂಡಲ್ಲಿ ನಿಲ್ಲೋನು ಗೆಲ್ತಾನೆ. ಮೊದಲು ನೀನು ಮಾತಾಡ್ಬೇಡ. ಅವರಿಗೇನು ಬೇಕು ಅಂತ ಕೇಳು’ ಎಂದರು. ಆ ಬುದ್ಧಿಮಾತನ್ನು ಮೊದಲ ಮೂರು ದಿನ ನಾನು ಪಾಲಿಸಲಿಲ್ಲ. ಚಿಲಕದ ಹುಡುಗಿ ಅದನ್ನು ನೆನಪಿಸಿದಳು.

ಹಾಗಾಗಿ ನಾಲ್ಕನೇ ದಿನದಿಂದ ನಮ್ಮ ಪ್ರಚಾರದ ರೀತಿಯೇ ಬದಲಾಯಿತು. ಬೆಳಗ್ಗೆ ಏಳೂವರೆಗೇ ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೆವು. ನಮ್ಮ ಕಾಲೇಜಿನ ಅರ್ಧದಷ್ಟು ವಿದ್ಯಾರ್ಥಿಗಳು ಬಿ.ಟಿ.ಎಸ್. ಬಸ್ಸಿನಲ್ಲಿ ಅಲ್ಲಿಗೆ ಬಂದಿಳಿದು ನಡೆದು ಬರುವವರು. ಕೆ.ಆರ್. ಪುರ, ಹೊಸಕೋಟೆ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುವವರ ಮುಖದಲ್ಲಿ ಆ ಹೊತ್ತಿಗೇ ಆಯಾಸ ಇರುತ್ತಿತ್ತು. ಅವರ ಜೊತೆ ಕಾಲೇಜಿನ ಗೇಟಿನವರೆಗೆ ನಡೆಯುವುದು, ದಾರಿಯಲ್ಲಿ ಮಾತು. ಮೊದಲ ಪೀರಿಯಡ್ಡಿಗೆ ಹತ್ತು ನಿಮಿಷ ತಡವಾದರೂ ಹಾಜರಾತಿ ಹೋಗುತ್ತದೆ ಎಂಬುದು ಅವರೆಲ್ಲರ ಒಂದೇ ದೂರು. ಹಲಸೂರು, ಇಂದಿರಾನಗರ, ಫ್ರೇಜರ್ ಟೌನಿನಿಂದ ಸೈಕಲ್ಲಿನಲ್ಲಿ ಬರುವ ನಮ್ಮಂಥವರಿಗೆ ಅದು ಹೊಳೆದೇ ಇರಲಿಲ್ಲ.

ಕಂಟೋನ್ಮೆಂಟಿನಲ್ಲಿ ಓಟು ಕೇಳುವವನಿಗೆ ಒಂದು ಭಾಷೆ ಸಾಲದು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟಾಗ ಅದರ ಬೆನ್ನಿಗೇ ಮದರಾಸು ಕಡೆಯ ವರ್ತಕರು, ಗುತ್ತಿಗೆದಾರರು, ಕುಶಲಕರ್ಮಿಗಳು ಬಂದು ನೆಲೆಸಿದರು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದ ಮೇಲೂ ಈ ಭಾಗ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಮೈಸೂರಿಗೆ ಮರಳಿ ಸೇರಿದ್ದು 1947ರ ಜುಲೈಯಲ್ಲಿ. ಒಂದು ಊರಿನೊಳಗೆ ಎರಡು ಊರು ಬೆಳೆದದ್ದು ಹೀಗೆ. ಹಲಸೂರಿನಲ್ಲಿ ತಮಿಳು, ಶಿವಾಜಿನಗರದಲ್ಲಿ ದಖನಿ ಉರ್ದು, ಚರ್ಚಿನ ಆಸುಪಾಸಿನಲ್ಲಿ ಇಂಗ್ಲಿಷ್, ಹಳೇ ಮದರಾಸು ರಸ್ತೆಯ ಉದ್ದಕ್ಕೂ ತೆಲುಗು, ಕನ್ನಡ. ನಮ್ಮೂರಿನ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅವರು 1873ರಲ್ಲಿ ಬಡ ಮಕ್ಕಳಿಗಾಗಿ ಉಚಿತ ಶಾಲೆ ತೆರೆದದ್ದು ಇಂಥ ಜನರ ನಡುವೆಯೇ.

ಕಾಲೇಜಿನಲ್ಲಿ ಈ ನಕಾಶೆ ಎರಡನೇ ಭಾಷೆಯ ಪೀರಿಯಡ್ಡಿನಲ್ಲಿ ಕಣ್ಣಿಗೆ ಕಾಣುತ್ತಿತ್ತು. ಬೇರೆ ಪಾಠಗಳಿಗೆ ಸೆಕ್ಷನ್ ಪ್ರಕಾರ ಕೂರುವ ಹುಡುಗರು ಆ ಒಂದು ಗಂಟೆ ಎದ್ದು, ಕನ್ನಡದವರು ಕನ್ನಡಕ್ಕೆ, ತಮಿಳಿನವರು ತಮಿಳಿಗೆ, ಉರ್ದು, ಹಿಂದಿ, ಸಂಸ್ಕೃತದವರು ತಂತಮ್ಮ ಕೋಣೆಗೆ ಹೋಗುತ್ತಿದ್ದರು. ಪ್ರಚಾರ ಮಾಡುವವರು ಆ ಗಂಟೆಯ ಆಚೀಚೆ ಹತ್ತು ನಿಮಿಷಕ್ಕೆ ಕಾದಿರುತ್ತಿದ್ದರು. ಅಲ್ಲಿ ಓಟು ಪಡೆಯುವ ಸುಲಭದ ದಾರಿ ಏನೆಂದು ನನಗೂ ಗೊತ್ತಿತ್ತು: ಕನ್ನಡ ಕ್ಲಾಸಿನಲ್ಲಿ ‘ನಮ್ಮವನಿಗೆ ಓಟು ಹಾಕಿ’ ಎಂದುಬಿಟ್ಟರೆ ಆಯಿತು. ಗೋಕಾಕ್ ಚಳವಳಿ ಮುಗಿದು ನಾಲ್ಕೇ ವರ್ಷವಾಗಿತ್ತು, ಆ ಮಾತಿಗೆ ಬಿಸಿ ಇತ್ತು. ನನ್ನ ಗೆಳೆಯರಲ್ಲಿ ಇಬ್ಬರು ಹಾಗೇ ಮಾಡೋಣವೆಂದು ಹಟ ಹಿಡಿದರು. ಎದುರಾಳಿ ಶಿವಾಜಿನಗರದ ಹುಡುಗ, ಉರ್ದು ಕ್ಲಾಸಿನವನು. ಲೆಕ್ಕ ಹಾಕಿದರೆ ನಮಗೇ ಲಾಭ. ಆದರೆ ನಾನು ಕನ್ನಡದವನಾಗಿ ಕನ್ನಡ ಕ್ಲಾಸಿನಲ್ಲಿ ಮಾತ್ರ ಗೆದ್ದರೆ ಆ ಬಿ.ಎಸ್ಸಿ. ಹುಡುಗಿಯ ಚಿಲಕ ಯಾರ ಭಾಷೆಯದು? ಹಾಗೆ ಕೇಳಿದ ಮೇಲೆ ಗೆಳೆಯರೂ ಒಪ್ಪಿದರು.

ನಾಲ್ಕು ಭಾಷೆಯಲ್ಲಿ ಕರಪತ್ರ ಮಾಡಿಸಿದೆವು. ಕಾಸಿಲ್ಲದ ಅಭ್ಯರ್ಥಿಗಳಿಗೆ ಆಗ ಸೈಕ್ಲೋಸ್ಟೈಲೇ ಗತಿ. ಕನ್ನಡ, ಇಂಗ್ಲಿಷ್ ಸ್ಟೆನ್ಸಿಲ್ಲನ್ನು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೊಡೆಸಿದೆವು. ತಮಿಳಿನದನ್ನು ನಮ್ಮ ಗಲ್ಲಿಯ ಹೂವಿನ ಅಂಗಡಿಯ ಅಕ್ಕನ ಮಗ ಕೈಯಲ್ಲೇ ಬರೆದುಕೊಟ್ಟ. ಉರ್ದುವಿಗೆ ಏನು ಮಾಡುವುದು? ಆಗ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು, ಆ ಬರಹವೇ ಅಚ್ಚಾಗುತ್ತಿತ್ತು. ಅಂಥವರೊಬ್ಬರು ರಸೆಲ್ ಮಾರ್ಕೆಟ್ಟಿನ ಹತ್ತಿರ ವಾಸವಿದ್ದರು. ಸಂಜೆ ಹೋಗಿ ಕೇಳಿದೆವು. ಕನ್ನಡಕ ಹಣೆಗೇರಿಸಿ ನಮ್ಮನ್ನು ನೋಡಿ, ‘ಹಮ್ನಾ ಕ್ಯಾ ಕರ್ತೆ ತುಮೇ?’ ಎಂದರು. ನಮಗೇನು ಮಾಡ್ತೀರಿ? ಚಿಲಕದ ಕಥೆ ಹೇಳಿದೆ. ಏನೂ ಮಾತಾಡದೆ ಸ್ಟೆನ್ಸಿಲ್ ಹಾಸಿಕೊಂಡು ಬರೆಯಲು ಕೂತರು. ಅವರ ಮಗಳೂ ಆ ವರ್ಷ ಪಿ.ಯು.ಸಿ. ಸೇರಿದ್ದಳಂತೆ. ದುಡ್ಡು ತೆಗೆದುಕೊಳ್ಳಲಿಲ್ಲ.

ಹೂವಿನ ಅಂಗಡಿಯ ಅಕ್ಕ ಒಂದು ವಾಕ್ಯ ಕಲಿಸಿದ್ದರು: ‘ಉಂಗಳುಕ್ಕು ಎನ್ನ ವೇಣುಂ?’ ನಿಮಗೇನು ಬೇಕು? ತಮಿಳು ಕ್ಲಾಸಿನ ಬಾಗಿಲಲ್ಲಿ ಅಷ್ಟು ಹೇಳಿ ನಿಂತುಬಿಡುತ್ತಿದ್ದೆ. ಆಮೇಲಿನದನ್ನೆಲ್ಲ ಅವರೇ ಹೇಳುತ್ತಿದ್ದರು.

ಚಿಲಕವನ್ನು ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ ಕೊಂಡೆವು. ಹಳೆಯದು, ಗಟ್ಟಿ ಕಬ್ಬಿಣದ್ದು. ನಾಲ್ಕು ರೂಪಾಯಿ. ಕಾಲೇಜಿನ ಅಟೆಂಡರಣ್ಣ ಶನಿವಾರ ಮಧ್ಯಾಹ್ನ, ಹುಡುಗಿಯರೆಲ್ಲ ಹೋದ ಮೇಲೆ ಜಡಿದುಕೊಟ್ಟರು. ಸೋಮವಾರ ಬೆಳಗ್ಗೆಯೇ ದೂರು: ಮತದಾರರಿಗೆ ಆಮಿಷ. ಚುನಾವಣಾಧಿಕಾರಿಯಾಗಿದ್ದ ಅರ್ಥಶಾಸ್ತ್ರದ ಮೇಷ್ಟ್ರು ಕರೆಸಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ನಾನು ಹಾಕಿಸಿದ್ದು ಓಟಿಗಾಗಿಯೋ ಅಥವಾ ಮನಸ್ಸಿಗೆ ಚುಚ್ಚಿದ್ದರಿಂದಲೋ ಎಂದು ನನಗೇ ಖಚಿತವಿರಲಿಲ್ಲ. ಎರಡೂ ಇದ್ದವು. ಮೇಷ್ಟ್ರು ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು: ‘ಚಿಲಕ ಇರಲಿ. ಆದರೆ ಇನ್ನು ಮುಂದೆ ಯಾವ ಕ್ಲಾಸಿನಲ್ಲೂ ಅದರ ಮಾತು ನೀನು ಎತ್ತಕೂಡದು.’

ನ್ಯಾಯದ ಬಗ್ಗೆ ನಾನು ಕಂಡ ಒಳ್ಳೆಯ ಮಾತುಗಳಲ್ಲಿ ಇದೊಂದು. ಪಾಲಿಸಿದೆ. ಉಳಿದ ಐದು ದಿನ ಚಿಲಕದ ಸುದ್ದಿ ಎತ್ತಲಿಲ್ಲ.

ಓಟು ಬಿದ್ದ ದಿನ ನಮ್ಮಲ್ಲಿ ಬಹುತೇಕ ಎಲ್ಲರಿಗೂ ಅದು ಬದುಕಿನ ಮೊದಲ ಮತದಾನ. ಆಗ ವಿಧಾನಸಭೆಗೆ, ಲೋಕಸಭೆಗೆ ಓಟು ಹಾಕಲು 21 ತುಂಬಿರಬೇಕಿತ್ತು. 1985ರ ಮಾರ್ಚ್‌ನಲ್ಲಿ ವಿಧಾನಸಭೆ ಚುನಾವಣೆ ನಡೆದಾಗ ಅಪ್ಪ ಅಮ್ಮ ಸಾಲಲ್ಲಿ ನಿಂತದ್ದನ್ನು ನಾನು ರಸ್ತೆಯ ಈಚೆ ಬದಿಯಿಂದ ನೋಡಿದ್ದೆ. ಕಾಲೇಜಿನ ಮತಪೆಟ್ಟಿಗೆ ನಮ್ಮನ್ನು ಅದಕ್ಕಿಂತ ಮೊದಲೇ ನಾಗರಿಕರನ್ನಾಗಿ ಮಾಡಿತ್ತು.

ನಾನು 23 ಓಟಿನಿಂದ ಸೋತೆ. ಫಲಿತಾಂಶ ಹೇಳಿದ ಹೊತ್ತಿಗೆ ಗೇಟಿನ ಹೊರಗೆ ಕಾಲೇಜಿಗೆ ಸೇರದ ಒಂದಷ್ಟು ಜನ ಜಮಾಯಿಸಿದ್ದರು. ಯಾರು ಕರೆಸಿದ್ದರೋ ಇವತ್ತಿಗೂ ತಿಳಿಯದು. ಕಲ್ಲು ಬಿತ್ತು. ಸೈಕಲ್ ಚೈನು ಬೀಸಿದರು. ನನ್ನ ಜೊತೆ ಹನ್ನೊಂದು ದಿನವೂ ಕರಪತ್ರ ಹೊತ್ತು ತಿರುಗಿದ್ದ ಗೆಳೆಯನ ಹಣೆ ಒಡೆದು ಏಳು ಹೊಲಿಗೆ ಬಿದ್ದವು. ಅವನ ತಾಯಿ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ಚುನಾವಣೆ ಬೇಡವೆಂದವರ ಭಯ ಸುಳ್ಳಲ್ಲ. ರಾಜ್ಯದ ಕಾಲೇಜುಗಳಲ್ಲಿ ಆ ದಶಕದಲ್ಲಿ ಇದಕ್ಕಿಂತ ಕೆಟ್ಟ ಘಟನೆಗಳೂ ನಡೆದವು. ಅದನ್ನು ಮರೆತು ಚುನಾವಣೆಯ ಪರ ಮಾತಾಡುವುದು ಆ ತಾಯಂದಿರಿಗೆ ಮಾಡುವ ಅನ್ಯಾಯ.

ಅದೇ ವರ್ಷದ ಡಿಸೆಂಬರಿನಲ್ಲಿ ನಡೆದದ್ದನ್ನೂ ಹೇಳಬೇಕು. ಪತ್ರಿಕೆಯೊಂದರಲ್ಲಿ ಅಚ್ಚಾದ ಕಥೆಯ ಕಾರಣಕ್ಕೆ ಬೆಂಗಳೂರಿನಲ್ಲಿ ಗಲಭೆ ಎದ್ದಿತು. ಸಾವು, ಕರ್ಫ್ಯೂ. ಶಿವಾಜಿನಗರದ ಅಂಗಡಿಗಳ ಬಾಗಿಲು ಮುಚ್ಚಿತ್ತು. ನಮ್ಮ ಗಲ್ಲಿಯವರ ಬಾಯಲ್ಲಿ ದಿನಕ್ಕೊಂದು ಗಾಳಿಸುದ್ದಿ. ಕಾಲೇಜು ಮತ್ತೆ ತೆರೆದ ದಿನ ನನ್ನನ್ನು ಸೋಲಿಸಿದ್ದ ಹುಡುಗ ಗೇಟಿನ ಹತ್ತಿರ ಕಾಯುತ್ತಿದ್ದ. ಆಗಸ್ಟಿನಿಂದ ನಾವು ಹೆಚ್ಚು ಮಾತಾಡಿರಲಿಲ್ಲ. ‘ಕನ್ನಡ ಕ್ಲಾಸೂ ತಮಿಳು ಕ್ಲಾಸೂ ನಿನಗೆ ಗೊತ್ತು. ಉರ್ದು ಕ್ಲಾಸು ನನಗೆ ಗೊತ್ತು. ಬಾ, ಹೋಗೋಣ’ ಎಂದ. ಇಬ್ಬರೂ ಜೊತೆಗೆ ಒಂದೊಂದೇ ಕೋಣೆಗೆ ಹೋದೆವು. ಭಾಷಣ ಮಾಡಲಿಲ್ಲ. ಯಾರ ಮನೆಯಲ್ಲಿ ಏನಾಗಿದೆ, ಯಾರು ಬಂದಿಲ್ಲ, ಯಾರಿಗೆ ನೋಟ್ಸು ಬೇಕು ಎಂದು ಕೇಳಿ ಬರೆದುಕೊಂಡೆವು. ಪ್ರತಿ ಬೆಂಚಿನಲ್ಲೂ ನಮ್ಮನ್ನು ಹೆಸರು ಹಿಡಿದು ಕರೆಯುವವರಿದ್ದರು, ಏಕೆಂದರೆ ಆಗಸ್ಟಿನಲ್ಲಿ ಆ ಬೆಂಚುಗಳ ಮುಂದೆ ನಾವಿಬ್ಬರೂ ಕೈಮುಗಿದು ನಿಂತಿದ್ದೆವು. ಮರುದಿನ ಮೇಷ್ಟ್ರು ಆ ಪಟ್ಟಿ ಕೇಳಿ ತೆಗೆದುಕೊಂಡರು.

ಹಿಂಸೆ ಬೀದಿಯಿಂದ ಕಾಲೇಜಿಗೆ ಬರುತ್ತದೆ. ಅದು ಬಂದಾಗ ಎದುರು ನಿಲ್ಲಲು ಒಳಗೆ ಯಾರಾದರೂ ಇರಬೇಕು. ಚುನಾವಣೆ ರದ್ದಾದಾಗ ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದೆ. ಕಾರ್ಖಾನೆಗಳಲ್ಲಿ ಯೂನಿಯನ್ ಚುನಾವಣೆಯ ಹೊತ್ತಿಗೆ ಜಗಳವಾದದ್ದುಂಟು. ಆ ಕಾರಣಕ್ಕೆ ಕಾರ್ಮಿಕರ ಓಟು ಕಿತ್ತುಕೊಳ್ಳಬೇಕೆಂದು ಯಾರೂ ಹೇಳಲಿಲ್ಲ ಎಂದು ಅಪ್ಪ ಅಂದು ಬೇಸರದಿಂದ ಹೇಳಿದ್ದು ನೆನಪಿದೆ.

ಆ ಕಾಲದ ತಾರೀಖುಗಳನ್ನು ಜೋಡಿಸಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಅದು ಜಾರಿಗೆ ಬಂದದ್ದು 1989ರ ಮಾರ್ಚ್‌ನಲ್ಲಿ. ಆ ನವೆಂಬರಿನಲ್ಲಿ ಲೋಕಸಭೆಗೂ ನಮ್ಮ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆದು ಹದಿನೆಂಟರ ಹುಡುಗ ಹುಡುಗಿಯರು ಮೊದಲ ಸಲ ಮತಗಟ್ಟೆಗೆ ಹೋದರು. ಪ್ರಧಾನಿಯನ್ನು ಆರಿಸುವ ಸಂಸತ್ತಿಗೆ ಓಟು ಹಾಕಬಲ್ಲರೆಂದು ದೇಶ ಯಾರನ್ನು ನಂಬಿತೋ ಅವರನ್ನೇ, ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ, ಕಾಲೇಜಿನ ಕಾರ್ಯದರ್ಶಿಯನ್ನು ಆರಿಸಲು ಯೋಗ್ಯರಲ್ಲವೆಂದು ನಾವು ಮನೆಗೆ ಕಳಿಸಿದೆವು.

ಆಮೇಲೆ ದೇಶದ ಮಟ್ಟದಲ್ಲಿ ನಿಯಮ ಬರೆದದ್ದು ಲಿಂಗ್ಡೋ ಸಮಿತಿ. ಕೇರಳದ ಕಾಲೇಜುಗಳ ಪ್ರಾಂಶುಪಾಲರಿಗೂ ಕೇರಳ ವಿಶ್ವವಿದ್ಯಾಲಯಕ್ಕೂ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನ ಸೂಚನೆಯಂತೆ ನಿವೃತ್ತ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ ರಚನೆಯಾಗಿ, 2006ರ ಮೇ ತಿಂಗಳಲ್ಲಿ ವರದಿ ಬಂತು. ಅದೇ ಸೆಪ್ಟೆಂಬರಿನಲ್ಲಿ ಕೋರ್ಟು ಅದನ್ನು ಜಾರಿಗೆ ತರಲು ಆದೇಶಿಸಿತು. ಓದಿದಾಗ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರೇ ಬರೆದಂತೆ ನನಗನಿಸಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಕೂಡದು, ಫಲಿತಾಂಶ ಬಂದ ಎರಡು ವಾರದೊಳಗೆ ಲೆಕ್ಕ ಕೊಡಬೇಕು. ಅಚ್ಚು ಹಾಕಿಸಿದ ಪೋಸ್ಟರ್, ಕರಪತ್ರ ಇಲ್ಲ. ಕೈಯಲ್ಲಿ ಬರೆದ ಪೋಸ್ಟರ್ ಮಾತ್ರ, ಅದೂ ಗೊತ್ತುಮಾಡಿದ ಜಾಗದಲ್ಲಿ. ಧ್ವನಿವರ್ಧಕ ಇಲ್ಲ, ವಾಹನ ಇಲ್ಲ, ಪ್ರಾಣಿಗಳನ್ನು ಮೆರೆಸುವಂತಿಲ್ಲ. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನದಲ್ಲಿ ಮುಗಿಯಬೇಕು. ಮತದಾನದ ದಿನ ಮತದಾರರಿಗೆ ನೀರು ಬಿಟ್ಟು ಬೇರೇನೂ ಕೊಡುವಂತಿಲ್ಲ.

ಕೈಬರಹದ ಪೋಸ್ಟರಿನ ನಿಯಮ ನನಗೆ ಇವೆಲ್ಲದರಲ್ಲಿ ಪ್ರಿಯವಾದದ್ದು. ಬಣ್ಣ ಹಚ್ಚಲು ಕೂತವರು ಜಗಳಕ್ಕೆ ಹೋಗುವುದು ಕಡಿಮೆ. ರಾತ್ರಿ ಹನ್ನೊಂದರವರೆಗೆ ಹಲಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಹಳೆ ಪತ್ರಿಕೆಯ ಮೇಲೆ ಪೋಸ್ಟರ್ ಬರೆಯುತ್ತಿದ್ದಾಗ ಅಮ್ಮ ಒಂದೊಂದೇ ದೋಸೆ ತಂದಿಡುತ್ತಿದ್ದರು. ಬೇಡವೆಂದಿದ್ದ ಅಮ್ಮನೇ ಕೊನೆಗೆ ‘ಕಾರ್ಯದರ್ಶಿ’ಯ ಒತ್ತಕ್ಷರ ತಿದ್ದಿದರು.

ಅದೇ ವರದಿಯ ಒಂದು ನಿಯಮವನ್ನು ಮಾತ್ರ ನಾನು ಒಪ್ಪಲಾರೆ. ಸ್ಪರ್ಧಿಸುವ ವರ್ಷದಲ್ಲಿ ಯಾವ ವಿಷಯವೂ ಬಾಕಿ ಇರಕೂಡದು ಎನ್ನುತ್ತದೆ ಅದು. ಜೊತೆಗೆ ಶೇಕಡ 75 ಹಾಜರಾತಿ. ರೌಡಿಗಳನ್ನು ದೂರವಿಡಲು ಬರೆದ ನಿಯಮವೆಂಬುದು ನಿಜ. ಆದರೆ ರಾತ್ರಿಯೆಲ್ಲ ಡೆಲಿವರಿ ಬೈಕ್ ಓಡಿಸಿ ಬೆಳಗ್ಗೆ ಕಾಲೇಜಿಗೆ ಬರುವ, ಇಂಗ್ಲಿಷ್ ಪೇಪರ್ ಒಂದು ಉಳಿಸಿಕೊಂಡಿರುವ ಹುಡುಗನೂ ಅದೇ ಬಲೆಗೆ ಬೀಳುತ್ತಾನೆ. ಕೆ.ಆರ್. ಪುರದ ಆಚೀಚಿನ ಡಿಗ್ರಿ ಕಾಲೇಜುಗಳಲ್ಲಿ ಅಂಥವರು ಬಹಳ ಮಂದಿ. ತಡವಾಗಿ ಬಂದರೆ ಹಾಜರಾತಿ ಹೋಗುತ್ತದೆ ಎಂದು ನನಗೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿದವರು ಇವರ ಹಿಂದಿನ ತಲೆಮಾರಿನವರೇ. ಅವರನ್ನು ಹೊರಗಿಟ್ಟು ನಡೆಸುವ ಚುನಾವಣೆಯಲ್ಲಿ ಮತ್ತೆ ಫಸ್ಟ್ ಬೆಂಚಿನವರೇ ಎಲ್ಲರ ಪರವಾಗಿ ಮಾತಾಡಬೇಕಾಗುತ್ತದೆ.

ನಿಯಮ ಬಂದು ಇಪ್ಪತ್ತು ವರ್ಷವಾದರೂ ನಮ್ಮ ಸಾಮಾನ್ಯ ಕಾಲೇಜುಗಳ ಬಾಗಿಲು ತೆರೆಯಲಿಲ್ಲ. ಇದೇ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ತಮ್ಮ ಪರಿಷತ್ತಿಗೆ ಓಟು ಹಾಕುತ್ತಾರೆ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯವರು ತಮ್ಮ ಸ್ಟೂಡೆಂಟ್ ಬಾರ್ ಅಸೋಸಿಯೇಷನ್ನಿಗೆ ಆರಿಸುತ್ತಾರೆ. ಸಂತೋಷ. ಆದರೆ ದೇಶದ ದೊಡ್ಡ ಪರೀಕ್ಷೆಗಳನ್ನು ದಾಟಿ ಬಂದವರಿಗೆ ಇರುವ ಹಕ್ಕು ಸರ್ಕಾರಿ ಡಿಗ್ರಿ ಕಾಲೇಜಿನ ಹುಡುಗಿಗೆ ಯಾಕಿಲ್ಲ? ತಲಪಾಡಿ ದಾಟಿದರೆ ಸಾಕು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರ್ಕಾರಿ ಕಾಲೇಜಿನಲ್ಲಿ, ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡದ ಮಕ್ಕಳು ಮಲಯಾಳಿ ಗೆಳೆಯರ ಜೊತೆ ಸಾಲಲ್ಲಿ ನಿಂತು ಓಟು ಹಾಕುತ್ತಾರೆ. ಕಣ್ಣೂರು ವಿಶ್ವವಿದ್ಯಾಲಯದ ಯೂನಿಯನ್ನಿಗೆ ತಮ್ಮ ಕೌನ್ಸಿಲರನ್ನು ಕಳಿಸುತ್ತಾರೆ. ‘ಯುಯುಸಿ’ ಎಂಬ ಮೂರಕ್ಷರ ಅಲ್ಲಿನ ಹುಡುಗರ ಬಾಯಲ್ಲಿ ಸಲೀಸಾಗಿ ಓಡಾಡುತ್ತದೆ. ಅಲ್ಲೂ ಜಗಳಗಳಿವೆ, ಪಕ್ಷಗಳ ಹಿಡಿತವಿದೆ. ಆದರೂ ಗಡಿಯಾಚೆಯ ಕನ್ನಡದ ಹುಡುಗಿಗೆ ಇರುವ ಓಟು ಗಡಿಯೊಳಗಿನ ಕನ್ನಡದ ಹುಡುಗಿಗಿಲ್ಲ.

2025ರ ಕೊನೆಯಲ್ಲಿ, ಸ್ವತಃ ವಿದ್ಯಾರ್ಥಿ ರಾಜಕೀಯದಿಂದ ಮೇಲೆ ಬಂದ ಡಿ.ಕೆ. ಶಿವಕುಮಾರ್ ಅವರು ಉಪಮುಖ್ಯಮಂತ್ರಿಯಾಗಿದ್ದುಕೊಂಡು ವಿದ್ಯಾರ್ಥಿ ಚುನಾವಣೆಯನ್ನು ಮತ್ತೆ ತರುವ ಮಾತೆತ್ತಿದರು. ಪರಿಶೀಲನೆಗೆ ಸಮಿತಿಯೂ ಆಯಿತು. ಪಕ್ಷಗಳು ನಾಳಿನ ಕಾರ್ಯಕರ್ತರನ್ನು ಹುಡುಕಲು ಕಾಲೇಜಿನ ಕಡೆ ನೋಡುತ್ತಿವೆ ಎಂಬ ಅನುಮಾನ ಹಲವರಿಗಿದೆ, ನನಗೂ ಇದೆ. ಪಕ್ಷದ ದುಡ್ಡು ಗೇಟು ದಾಟದಂತೆ ನೋಡಿಕೊಳ್ಳುವುದು ಆ ಸಮಿತಿಯ ಮೊದಲ ಕೆಲಸವಾಗಬೇಕು. ಫೋನಿನಲ್ಲೇ ಪ್ರಚಾರ ನಡೆಯುವ ಈ ಕಾಲಕ್ಕೆ ತಕ್ಕಂತೆ ಖರ್ಚಿನ ಲೆಕ್ಕವನ್ನೂ ಹೊಸದಾಗಿ ಬರೆಯಬೇಕು. ಆದರೆ ಅನುಮಾನದ ಹೆಸರಿನಲ್ಲಿ ಇನ್ನೊಂದು ತಲೆಮಾರನ್ನು ಕಾಯಿಸುವುದು ಬೇಡ.

ನನ್ನ ತಮ್ಮನ ಮಗಳು ಕೆ.ಆರ್. ಪುರದ ಆಚೆಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾಳೆ. ಆ ಭಾಗದ ಕಾಲೇಜುಗಳು 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಒಡೆದ ಮೇಲೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದರ ಕಚೇರಿ ಕೋಲಾರದ ಹತ್ತಿರ ತಮಕದಲ್ಲಿ, ಐವತ್ತು ಕಿಲೋಮೀಟರಿಗೂ ಆಚೆ. ಅವಳ ತರಗತಿಗೆ ಪ್ರತಿನಿಧಿಯೊಬ್ಬಳಿದ್ದಾಳೆ, ಹೆಚ್ಚು ಅಂಕ ತೆಗೆದವಳು ಎಂದು ನೇಮಿಸಿದ್ದು. ಸೂಚನೆಗಳನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದು ಆ ಹುಡುಗಿಯ ಕೆಲಸ. ಮೇಲಿನಿಂದ ಕೆಳಗೆ ಮಾತು ಇಳಿಯುತ್ತದೆ, ಕೆಳಗಿನಿಂದ ಮೇಲೆ ಹೋಗುವ ಏಣಿ ಇಲ್ಲ.

ಅವರ ಲೈಬ್ರರಿ ನಾಲ್ಕು ಗಂಟೆಗೆ ಮುಚ್ಚುತ್ತದೆ. ಕೊನೆಯ ಪೀರಿಯಡ್ಡೂ ನಾಲ್ಕಕ್ಕೇ ಬಿಡುತ್ತದೆ. ಆರು ಗಂಟೆಯವರೆಗೆ ತೆರೆದಿಡಿ ಎಂದು ಅರ್ಜಿ ಬರೆದುಕೊಂಡು ಪ್ರಾಂಶುಪಾಲರ ಹತ್ತಿರ ಹೋಗಿದ್ದಳು. ‘ನೀನು ಯಾರ ಪರವಾಗಿ ಬಂದಿದ್ದೀಯಮ್ಮ?’ ಎಂದು ಅವರು ಕೇಳಿದರಂತೆ. ಗದರಲಿಲ್ಲ, ಸುಮ್ಮನೆ ಕೇಳಿದರು. ಇವಳ ಬಳಿ ಉತ್ತರವಿರಲಿಲ್ಲ. ಹೊರಗೆ ಬಂದು ಹಾಳೆಗಳನ್ನು ಹಿಡಿದುಕೊಂಡು ತರಗತಿಗಳ ಮುಂದೆ ಸಹಿ ಕೇಳಲು ನಿಂತಳು. ಅಲ್ಲೊಬ್ಬ ಹುಡುಗ, ‘ನೀನ್ಯಾರು ನಮ್ ಪರವಾಗಿ ಕೇಳೋಕೆ?’ ಎಂದನಂತೆ. ಎರಡು ಕಡೆಯಿಂದಲೂ ಒಂದೇ ಪ್ರಶ್ನೆ. ಎರಡೂ ನ್ಯಾಯವಾದವೇ. ನಮ್ಮ ಕಾಲದಲ್ಲಿ ಅದಕ್ಕೆ ಉತ್ತರ ಮತಪೆಟ್ಟಿಗೆಯಲ್ಲಿರುತ್ತಿತ್ತು.

ಹೋದ ಭಾನುವಾರ ಮನೆಗೆ ಬಂದು ಆ ಹಾಳೆಗಳನ್ನು ನನ್ನ ಮುಂದೆ ಹರಡಿದಳು. ಇನ್ನೂರಕ್ಕೂ ಮೀರಿ ಸಹಿ. ಕನ್ನಡ, ಉರ್ದು, ತೆಲುಗು, ಇಂಗ್ಲಿಷ್, ಹಿಂದಿ. ಒಂದಿಷ್ಟು ಕಡೆ ಎಣ್ಣೆಯ ಬೆರಳ ಗುರುತು, ಕ್ಯಾಂಟೀನಿನಲ್ಲಿ ಹಾಕಿಸಿಕೊಂಡದ್ದಿರಬೇಕು. ನಾನು ಚಿಲಕದ ಕಥೆ ಹೇಳಿದೆ. ಮೇಷ್ಟ್ರ ತೀರ್ಪು ಕೇಳಿ ಬಹಳ ಹೊತ್ತು ಯೋಚಿಸಿದಳು.

‘ನಾಳೆ ಬಿ.ಸಿ.ಎ. ಸೆಕ್ಷನ್ನಿಗೆ ಹೋಗ್ಬೇಕು ದೊಡ್ಡಪ್ಪ. ಅಲ್ಲಿ ತಮಿಳಿನವರು ಜಾಸ್ತಿ. ಲೈಬ್ರರಿಗೆ ತಮಿಳಲ್ಲಿ ಏನಂತಾರೆ?’

‘ಲೈಬ್ರರಿ ಅಂದ್ರೇ ಗೊತ್ತಾಗುತ್ತೆ ಬಿಡು’ ಎಂದು ಪೆನ್ನು ತೆಗೆದುಕೊಂಡೆ. ಕೊನೆಯ ಹಾಳೆಯ ಹಿಂಬದಿಯಲ್ಲಿ, ಹೂವಿನ ಅಂಗಡಿಯ ಅಕ್ಕ ಕಲಿಸಿದ್ದ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ. ಎರಡು ಸಲ ಜೋರಾಗಿ ಓದಿ, ಮಡಚಿ ಬ್ಯಾಗಿಗೆ ಹಾಕಿಕೊಂಡಳು.